ಸೊಟ್ಟ ಗೆರೆ

ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ಕಪಾಳಕ್ಕೆ ಬಾರಿಸುತ್ತೇನೆ. ಸೊಟ್ಟಗಿದ್ದ ಗಡಿಗೆರೆ ಕಂಡು, ಬರೆದವನ ಕೈ ನಡುಗಿದೆ ಎಂದುಕೊಂಡು ನೇರ ಮಾಡಿಬಿಟ್ಟಿದ್ದ.

ನಾನು ಸರ್ವೇಯರ್. ಆ ಗಡಿ ಅಳೆಯಲು ಏಪ್ರಿಲ್‌ನ ಒಂದು ಮಧ್ಯಾಹ್ನ ಗೌರಸಮುದ್ರದ ಹತ್ತಿರ ಹೋಗಿದ್ದೆ. ನೇರ ಗೆರೆಯ ಮೇಲೇ ಒಂದು ಕಲ್ಲುಗುಡ್ಡೆ ಇತ್ತು. ಹೊಲದ ಒಡತಿ ಕರಿಯಕ್ಕ ಅಡ್ಡ ನಿಂತರು.

“ಅಲ್ಲಿ ನಮ್ಮ ಮುತ್ತಜ್ಜೀನ ಮಣ್ಣು ಮಾಡ್ಯಾರೆ ಸ್ವಾಮಿ. ಗೆರೆ ಬಳಸ್ಕಂಡು ಹೋಗ್ತಿತ್ತು. ಮೆಟ್ಟು ಬಿಟ್ಟು ಬರ್ರಿ.”

“ಕಂಪ್ಯೂಟರ್‌ನಾಗೆ ಹಂಗಿಲ್ಲಮ್ಮ,” ಎಂದವನೇ ಶೂ ಹಾಕಿಕೊಂಡೇ ಗುಡ್ಡೆ ಹತ್ತಿ ಇಳಿದೆ. ಅಂಥ ಬಿಸಿಲಲ್ಲೂ ಆ ಮೂರು ಹೆಜ್ಜೆ ಮಾತ್ರ ಅಂಗಾಲು ಮರಗಟ್ಟುವಷ್ಟು ತಣ್ಣಗಿತ್ತು.

ಜಿಪಿಎಸ್ ಯಂತ್ರದಲ್ಲಿ ನಾನು ನಡೆದ ದಾರಿ ನೋಡಿದೆ. ನಾನು ಗುಡ್ಡೆಯನ್ನು ಬಳಸಿ ಹೋದಂತೆ ಗೆರೆ ಬಾಗಿತ್ತು. ಎರಡು ಗಡಿಕಲ್ಲಿಗೆ ಹಗ್ಗ ಬಿಗಿದು, ಹಗ್ಗ ಹಿಡಿದೇ ಮತ್ತೆ ನಡೆದೆ. ಮತ್ತೆ ಬಾಗಿತು. ಕಚೇರಿಗೆ ಫೋನ್ ಮಾಡಿದರೆ, “ಮಿಷನ್ ತಪ್ಪು ಕಣ್ರೀ, ಅಳಿಸಿ ನೇರ ಎಳೀರಿ,” ಎಂದರು. ಎಳೆದೆ. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಇವತ್ತಿಗೂ ಹೆಚ್ಚು.

ಹೋದ ವಾರ ಚಳ್ಳಕೆರೆಯಲ್ಲಿ ನನ್ನದೇ ಸೈಟು ಅಳೆದೆ. ಬೇರೆ ಯಂತ್ರ. ನೇರವಾದ ಕಾಂಪೌಂಡಿಗೆ ಕೈ ತಾಗಿಸಿಕೊಂಡೇ ನಡೆದಿದ್ದೆ. ಆದರೂ ಪರದೆಯ ಮೇಲೆ ಗೆರೆ ಒಂದು ಕಡೆ ಒಳಕ್ಕೆ ಬಾಗಿ, ಆರಡಿ ಉದ್ದ, ಮೂರಡಿ ಅಗಲದ ಜಾಗ ಬಿಟ್ಟು ಮುಂದೆ ಹೋಗಿದೆ.

ಅಲ್ಲಿ ಇನ್ನೂ ಯಾರನ್ನೂ ಮಣ್ಣು ಮಾಡಿಲ್ಲ.