ನೀರು ತಾಗಿದರೂ ಉರಿ

ಮದುವೆಯಾಗುವ ಹುಡುಗ ಚೀಲ ಹಿಡಿದು ಬಂದರೆ ಅದರಲ್ಲಿ ಸೀರೆ ಇರಬೇಕು, ಹೋಗಲಿ, ಸ್ವೀಟ್ ಬಾಕ್ಸಾದರೂ ಇರಬೇಕು. ಕುಮಟೆಯ ವಿಶಾಲ ಮಂಕಿ ಊರಿನ ಹುಡುಗಿಯ ಮನೆಗೆ ಹೊತ್ತು ತಂದದ್ದು ಒಂದು ಡಬ್ಬಿ ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಜಗಲಿಯಲ್ಲಿ ಚೀಲ ಬಿಚ್ಚಿದ ಸುಪ್ರಿಯಾಳ ಕಣ್ಣು ಕಿರಿದಾಯಿತು.

ಅವಳ ಅನುಮಾನಕ್ಕೆ ಕಾರಣವಿತ್ತು. ಹೆಣ್ಣು ನೋಡಲು ಬಂದ ದಿನ ಅವನ ಸೋದರತ್ತೆ "ಬಣ್ಣ ಒಂಚೂರು ಕಮ್ಮಿ" ಎಂದಿದ್ದರು. ಆ ಮಾತು ಮನಸ್ಸಿಗೆ ನಾಟಿ, ಅವಳು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ಬೆಳ್ಳಗಾಗುವ ಕ್ರೀಮು ತಂದು ಕದ್ದು ಹಚ್ಚಿಕೊಂಡಿದ್ದಳು. ಮೊದಮೊದಲು ಮುಖ ಹೊಳೆಯಿತು. ಆಮೇಲೆ ಕೆಂಪಾಗಿ, ಸಿಪ್ಪೆ ಎದ್ದು, ತಣ್ಣೀರು ತಾಗಿದರೂ ಉರಿ. ಅದರ ಮೇಲೆ ಕಡಲೆಹಿಟ್ಟು, ಲಿಂಬೆರಸ ಉಜ್ಜಿ ಇನ್ನಷ್ಟು ಕೆಡಿಸಿಕೊಂಡಳು.

"ಅಂತೂ ನನ್ನ ಬಣ್ಣ ನಿಮಗೂ ಸಾಲಲಿಲ್ಲ."

"ಇದು ಬೆಳ್ಳಗೆ ಮಾಡೂದಲ್ಲ. ಮೊನ್ನೆ ಸೀರೆ ಅಂಗಡೀಲಿ ಬೆವರು ಒರೆಸ್ಕೊಳ್ಳೂವಾಗ ಉರಿಗೆ ನಿಮ್ಮ ಮುಖ ಹಿಂಡಿ ಹೋತು. ನಾ ಕಂಡೆ. ಎಂತ ಕ್ರೀಮು ಹಚ್ಚಿದ್ರೋ, ಆ ಡಬ್ಬಿ ಹೊನ್ನಾವರದ ಸ್ಕಿನ್ ಡಾಕ್ಟ್ರಿಗೆ ತೋರಿಸ್ವ. ಸೋಪು, ಲಿಂಬು ಎಲ್ಲ ಬಂದ್. ಬರೀ ನೀರಲ್ಲಿ ತೊಳೆದು, ಒದ್ದೆ ಇರೂವಾಗ್ಲೇ ಇದನ್ನ ದಪ್ಪಗೆ ಹಚ್ಚಿ. ಉಜ್ಜೂಕೆ ಹೋಗ್ಬ್ಯಾಡಿ."

ಕ್ರೀಮಿನ ವಿಷಯ ಇಷ್ಟು ಸಲೀಸಾಗಿ ಮಾತಾಡುವ ಗಂಡಸನ್ನು ಸುಪ್ರಿಯಾ ಕಂಡಿರಲಿಲ್ಲ. ಈಗ ಬೇರೆಯೇ ಅನುಮಾನ ತಲೆ ಎತ್ತಿತು.

"ಮುಂಚೆ ಯಾರಿಗೆ ತಂದು ಕೊಡ್ತಿದ್ರಿ?"

"ಯಾರಿಗೆ ಅಂದ್ರೆ?"

"ಅಭ್ಯಾಸ ಇಲ್ದೆ ಇಷ್ಟೆಲ್ಲ ಬಾಯಿಗೆ ಬರ್ತದಾ?"

ವಿಶಾಲನ ಕಿವಿ ಕೆಂಪಾಯಿತು. ಸಿಕ್ಕಿಬಿದ್ದ, ಎಂದುಕೊಂಡಳು ಅವಳು. ಹಾಗೆಂದುಕೊಂಡ ಕೂಡಲೇ ಡಬ್ಬಿಯನ್ನು ಚೀಲಕ್ಕೆ ತುರುಕಿ ಅವನತ್ತ ತಳ್ಳಿದಳು. ಈ ಮನುಷ್ಯ ತನಗೆ ಇಷ್ಟೊಂದು ಬೇಕಾಗಿದ್ದಾನೆಂದು ಅವಳಿಗೇ ಗೊತ್ತಿರಲಿಲ್ಲ.

ಅವನು ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚಿ ಮೇಲೆ ಮಡಚಿದ. ಮೊಣಕೈ ಮಡಿಕೆಯಲ್ಲಿ ಚರ್ಮ ಕಪ್ಪಗೆ ದಪ್ಪಗಟ್ಟಿ, ಅಲ್ಲಲ್ಲಿ ಬಿರಿದಿತ್ತು.

"ಸಣ್ಣಿಂದ ಉಂಟು ಇದು. ಅಂಟೂ ರೋಗ ಅಲ್ಲ. ಚರ್ಮದ ಮೇಲಿನ ಪದರಕ್ಕೇ ಬಲ ಇಲ್ಲ, ದಿನಾ ಇದೇ ಕ್ರೀಮು ಹಚ್ಚಿ ಕಾಯ್ಕೊಳ್ಬೇಕು. ಹೆಣ್ಣು ನೋಡೂಕೆ ಬರೂವಾಗ ತೋಳು ಮುಚ್ಕೊ ಅಂದದ್ದೇ ಅತ್ತೆ. ಎಲ್ಲಿ ನೀವು ಬ್ಯಾಡ ಅಂತೀರೋ ಅಂತ ಹೆದರಿಕೆ."

ಇವಳ ಬಣ್ಣ ಅಳೆದ ಅತ್ತೆ ತಮ್ಮ ಹುಡುಗನ ತೋಳು ಮುಚ್ಚಿಸಿ ಕರೆತಂದಿದ್ದರು! ಸುಪ್ರಿಯಾಳಿಗೆ ಸಿಟ್ಟೂ ಬಂತು, ನಗುವೂ ಬಂತು.

"ಇನ್ನೆಂತ ಮುಚ್ಚಿಟ್ಟಿದ್ದೀರಿ? ಈಗ್ಲೇ ಹೇಳಿ."

"ಒಂದೇ. ನೀವು ಒಲ್ಲೆ ಅಂದ್ರೆ ನನ್ ಹತ್ರ ತಡ್ಕೊಳ್ಳೂಕೆ ಆಗೂದಿಲ್ಲ."

ಅಷ್ಟರಲ್ಲಿ ಅಮ್ಮ ಚಹಾ ತಂದರು. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಯಾರ್ಯಾರನ್ನು ಕರೆಯಬೇಕು ಎಂದು ಶುರುಮಾಡಿದವರ ಕಣ್ಣು ಅಳಿಯನಾಗುವವನ ತೋಳಿನ ಮೇಲೆ ಬಿತ್ತು. ವಿಶಾಲ ಗಡಿಬಿಡಿಯಲ್ಲಿ ತೋಳು ಇಳಿಸಲು ಹೋದ.

ಸುಪ್ರಿಯಾ ಅಮ್ಮನ ಎದುರಿಗೇ ಆ ಬಿರಿದ ಚರ್ಮದ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ಅರಿಶಿನ ಹಣೆಗೊಂದು ಬೊಟ್ಟು ಸಾಕಮ್ಮ. ನಮ್ಮಿಬ್ಬರಿಗೂ ಉರಿತದೆ."