ತಾತ ಕೊರೆದ ಎರಡು ಕಚ್ಚು

"ನಿಮ್ಮ ತಾತ ಇನ್ನೂ ಬಂದಿಲ್ವಾ?" ವ್ಯಾನಿನ ಕಿಟಕಿಯಲ್ಲಿ ತಲೆ ತೂರಿಸಿ ಪಕ್ಕದ ಮನೆಯ ಅಂಜನ್ ಕುಮಾರ್ ಕೇಳಿದ.

"ಬತ್ತಾರೆ ಬುಡು. ಮಧುಗಿರಿಗೆ ಬಿಜಾಗರಿ ತರಕ್ಕೆ ಹೋಗವ್ರೆ. ಅದಿಲ್ದೆ ಮಂಚ ಹೆಂಗೆ ಮಡಚ್ತದೆ?" ಎಂದಳು ಲೋಹಿತಾ. ಅವಳು ಉಪ್ಪುಕಾಗದ ಹಿಡಿದು ಹಲಗೆಯ ಅಂಚನ್ನು ತಿಕ್ಕುತ್ತಿದ್ದಳು.

"ವ್ಯಾನ್‌ನಾಗೆ ಯಾರಾದ್ರೂ ಮಂಚ ಹಾಕ್ತಾರಾ? ಇದೇನು ಮನೆನಾ, ಗಾಡಿನಾ?"

"ಎರಡೂ ಕಣೋ!"

ಅದು ಹಳೆಯ ಸ್ಕೂಲ್ ವ್ಯಾನು. ಮಿಡಿಗೇಶಿಯ ಮಕ್ಕಳನ್ನು ತಾತ ಸಣ್ಣರಂಗಯ್ಯ ಬಹಳ ವರ್ಷ ಅದರಲ್ಲೇ ಶಾಲೆಗೆ ಕರೆದೊಯ್ದಿದ್ದರು. ವ್ಯಾನಿಗೆ ವಯಸ್ಸಾದ ಮೇಲೆ ಅದನ್ನು ಮನೆಗೇ ತಂದುಕೊಂಡರು. ಸೀಟುಗಳನ್ನೆಲ್ಲ ಕಿತ್ತು, ಒಂದು ಬದಿಗೆ ಒಲೆ ಇಡಲು ಪೆಟ್ಟಿಗೆ ಮಾಡಿದರು. ಇನ್ನೊಂದು ಬದಿಗೆ ಮಡಚುವ ಮಂಚ. ಹಗಲು ಎತ್ತಿ ಗೋಡೆಗೆ ಸಿಕ್ಕಿಸಬೇಕು, ಮಲಗುವಾಗ ಇಳಿಸಬೇಕು.

ಇದೆಲ್ಲ ಅಜ್ಜಿ ಜಯಕ್ಕನಿಗಾಗಿ. ಅಜ್ಜಿ ಸಮುದ್ರವನ್ನೇ ಕಂಡವಳಲ್ಲ. ಬಸ್ಸಿನಲ್ಲಿ ಕುಳಿತರೆ ಅವಳ ಮೊಣಕಾಲು ಊದಿಕೊಳ್ಳುತ್ತಿತ್ತು. ಜೊತೆಗೆ ಉಬ್ಬಸ ಬೇರೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ತಾತ ಮಂಚಕ್ಕೊಂದು ಇಳಿಜಾರಾದ ತಲೆಹಲಗೆ ಮಾಡಿದ್ದರು. ಮಂಚದಲ್ಲಿ ಕೊರೆದ ಕಚ್ಚಿಗೆ ಅದನ್ನು ಕೂರಿಸಿದರೆ ಅಲುಗಾಡುತ್ತಿರಲಿಲ್ಲ.

ಅಷ್ಟರಲ್ಲಿ ಅಮ್ಮ ಗಂಗಲಕ್ಷ್ಮಿ ಮನೆಯೊಳಗಿಂದ ಬಂದಳು. ಅವಳ ಕೈಯಲ್ಲಿ ಫೋನಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಲೋಹಿ, ಇಳಿ ಮಗಾ," ಎಂದಳು.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ತಾತ ಹಾಗೆಯೇ ಒರಗಿದ್ದರು. ಮತ್ತೆ ಏಳಲಿಲ್ಲ. ಸಂಜೆ ಅವರ ಜೊತೆ ಅವರ ಬಟ್ಟೆಚೀಲವೂ ಮನೆಗೆ ಬಂತು. ಅದರಲ್ಲಿ ಪೇಪರಿನಲ್ಲಿ ಸುತ್ತಿದ ಬಿಜಾಗರಿಗಳಿದ್ದವು. ಲೋಹಿತಾಳಿಗೆಂದು ಕೊಂಡ ಖಾರದ ಪೊಟ್ಟಣವೂ ಇತ್ತು.

ತಿಥಿ ಮುಗಿಯಿತು, ನೆಂಟರೆಲ್ಲ ಹೋದರು. ಒಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದ ಅಜ್ಜಿ ಮಗನನ್ನು ಕರೆದಳು.

"ಲೇ ಓಬಳೇಶ, ಸಮುದ್ರಕ್ಕೆ ಕರ್ಕಂಡೋಗ್ತೀನಿ ಅಂದಿದ್ರು ನಿಮ್ಮಪ್ಪ. ಅವ್ರಿಲ್ದಿದ್ರೂ ಅವ್ರ ವ್ಯಾನ್ ಐತೆ. ಅವ್ರ ಹೆಸ್ರಲ್ಲಿ ಒಂದು ಮುಳುಗು ಹಾಕ್ಬತ್ತೀನಿ ಕಣ್ಲಾ."

"ಮಂಚ ಆಗ್ಬೇಕಲ್ಲವ್ವಾ?"

"ಆಗ್ಬೇಕಾದ್ರೆ ಮಾಡು!"

ಅಪ್ಪ ಓಬಳೇಶನಿಗೆ ಮರಗೆಲಸ ಅಷ್ಟಾಗಿ ಬಾರದು. ಆದರೂ ಭಾನುವಾರ ಲೋಹಿತಾಳನ್ನು ಕೂರಿಸಿಕೊಂಡು ಶುರು ಮಾಡಿದ. ಬಿಜಾಗರಿ ಬಡಿದದ್ದೂ ಆಯಿತು, ಮಂಚ ಎತ್ತಿದ್ದೂ ಆಯಿತು. ಅದು ಅರ್ಧಕ್ಕೆ ಎದ್ದು ಗಕ್ಕನೆ ನಿಂತುಬಿಟ್ಟಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು.

"ಅಪ್ಪಾ, ಬಿಜಾಗರಿ ಹಿಂದುಮುಂದಾಗೈತೆ!" ಲೋಹಿತಾ ಕೂಗಿದಳು.

"ಮಡಚೋ ಮಂಚ ಮಾಡಿ ಅಂದ್ರೆ ಮುನಿಸ್ಕೊಳ್ಳೋ ಮಂಚ ಮಾಡವ್ರೆ ನಿಮ್ಮಪ್ಪ," ಎಂದಳು ಅಮ್ಮ. ತಾತ ಹೋದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಬಿಚ್ಚಿ ಮತ್ತೆ ಕೂರಿಸಿದರು. ಈಗ ಮಂಚ ಸಲೀಸಾಗಿ ಎದ್ದಿತು, ಇಳಿಯಿತು. ಆಗ ಅಪ್ಪ ಒಂದು ವಿಚಿತ್ರ ನೋಡಿದ. ಡ್ರೈವರ್ ಸೀಟಿನ ಕಡೆ ತಲೆಹಲಗೆಗೆ ಕಚ್ಚು ಇತ್ತು. ಕಾಲಿನ ಕಡೆಗೂ ಅಂಥದೇ ಕಚ್ಚು!

"ಪಾಪ, ಅಪ್ಪಂಗೆ ಕಣ್ಣು ಮಂಜಾಗಿತ್ತು. ಮರೆತು ಎರಡು ಕಡೆನೂ ಕೊರೆದುಬುಟ್ಟವ್ರೆ. ಸುಮ್ನೆ ಬೆಡ್‌ಶೀಟ್ ಸಿಕ್ಕಾಕ್ಕಂತದೆ. ಆ ಮರದ ಪಟ್ಟಿ ಕೊಡು."

ಅಪ್ಪ ಕಚ್ಚಿನ ಮೇಲೆ ಪಟ್ಟಿ ಹಿಡಿದ, ಲೋಹಿತಾ ಮೊಳೆ ಹೊಡೆದಳು. ತಾತನೂ ತಪ್ಪು ಮಾಡುತ್ತಾರೆಯೇ ಎಂದು ಅವಳಿಗೆ ಯಾಕೋ ಬೇಜಾರಾಯಿತು.

ಮಾರನೆಯ ಸಂಜೆ ಮಂಚದ ಪರೀಕ್ಷೆ. ಅಜ್ಜಿ ಅಮ್ಮನ ಕೈ ಹಿಡಿದು ವ್ಯಾನ್ ಹತ್ತಿ ಮಂಚದ ಮೇಲೆ ಮಲಗಿದಳು. ಮಂಚ ಕಿರ್ ಎನ್ನಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅಜ್ಜಿ ಥಟ್ಟನೆ ಎದ್ದು ಕುಳಿತಳು.

"ವ್ಯಾನಿನ ಮೂತಿ ಯಾವ ಕಡೆಗೈತ್ಲಾ?"

"ಬೆಟ್ಟದ ಕಡೀಕೆ. ಯಾಕವ್ವಾ?"

"ಬೆಟ್ಟ ಇರೋದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗು ಅಂತೀಯೇನ್ಲಾ ನಂಗೆ?"

ಅಪ್ಪ ತಲೆ ಕೆರೆದುಕೊಂಡ. "ಗಾಡಿ ತಿರುಗಿಸಿ ನಿಲ್ಲಿಸಿದ್ರಾಯ್ತು ಬುಡವ್ವಾ."

"ಇಲ್ಲಿ ತಿರುಗಿಸ್ತೀಯ. ದಾರೀಲಿ? ಪೆಟ್ರೋಲ್ ಬಂಕ್‌ನೋನು ನನ್ನ ತಲೆ ನೋಡ್ಕಂಡು ಜಾಗ ಕೊಡ್ತಾನಾ?"

"ಅತ್ತೆ, ಕಾಲಿನ ಕಡೀಕೆ ದಿಂಬು ಹಾಕ್ಕೊಡ್ಲಾ?" ಎಂದಳು ಅಮ್ಮ.

"ಬರೀ ದಿಂಬಲ್ಲಿ ಉಸ್ರು ಕಟ್ಟಲ್ವೇನಮ್ಮಾ?" ಅಜ್ಜಿ ಮೆಲ್ಲಗೆ ಇಳಿದಳು. "ಹೋಗ್ಲಿ ಬುಡ್ರಿ. ಸಮುದ್ರದ ಋಣ ಇಲ್ಲ ನಂಗೆ. ನೀವೇ ಹೋಗಿ ಅವ್ರ ಹೆಸ್ರಲ್ಲಿ ಮುಳುಗು ಹಾಕಿ."

ಅಜ್ಜಿ ಹೋಗಿ ಜಗಲಿಯ ಮೇಲೆ ಕುಳಿತಳು. ಅಪ್ಪ ಅಮ್ಮ ಅವಳ ಹಿಂದೆಯೇ ಹೋದರು. ಲೋಹಿತಾ ಒಬ್ಬಳೇ ವ್ಯಾನಿನಲ್ಲಿ ಉಳಿದಳು. ಅವಳ ಕಣ್ಣು ತಾನೇ ಮೊಳೆ ಹೊಡೆದ ಪಟ್ಟಿಯ ಮೇಲೆ ಬಿತ್ತು.

ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು. ಪಟ್ಟಿ ಕಿರ್ರೆಂದು ಕಿತ್ತು ಬಂತು. ಕಚ್ಚಿನೊಳಗೆ ಬೆರಳಾಡಿಸಿದಳು. ಒಂದು ಸಿಬಿರೂ ಚುಚ್ಚಲಿಲ್ಲ. ತಾತ ಅದನ್ನು ಉಪ್ಪುಕಾಗದದಿಂದ ಚೆನ್ನಾಗಿ ತಿಕ್ಕಿ ನುಣುಪು ಮಾಡಿದ್ದರು. ಮರೆತು ಕೊರೆದ ಕಚ್ಚನ್ನು ಯಾರಾದರೂ ಇಷ್ಟು ನುಣುಪು ಮಾಡುತ್ತಾರೆಯೇ?

ಲೋಹಿತಾ ತಲೆಹಲಗೆಯನ್ನು ಎತ್ತಿಕೊಂಡು ಕಾಲಿನ ಕಡೆಗೆ ತಂದು ಕೂರಿಸಿದಳು.

ಟಕ್!

"ಅಜ್ಜೀ! ಬಾ ಇಲ್ಲಿ! ಈಗ ಮೂತಿ ಎತ್ಲಾಗಾದ್ರೂ ಇರ್ಲಿ!"

ಎಲ್ಲರೂ ಓಡಿಬಂದರು. ಅಪ್ಪ ಹಲಗೆಯನ್ನು ಅಲುಗಿಸಿ ನೋಡಿದ. ಅದು ಅಲುಗಲಿಲ್ಲ. ಅವನು ಕಚ್ಚಿನ ಅಂಚನ್ನು ಬೆರಳಿನಿಂದ ಸವರಿದ.

ಅಜ್ಜಿ ಹತ್ತಿ ಮಲಗಿದಳು. ಈಗ ತಲೆ ದಕ್ಷಿಣಕ್ಕಿತ್ತು.

"ಅವ್ರಿಗೆ ಗೊತ್ತಿತ್ತು," ಎಂದಳು. "ಯಾವ ನೆಂಟರ ಮನೆಗೋದ್ರೂ ನಾನು ಮಲಗಕ್ಕೆ ಮುಂಚೆ ದಿಕ್ಕು ನೋಡಿ ದಿಂಬು ತಿರುಗ್ಸಿ ಇಡ್ತಿದ್ರು. 'ನಿನ್ನ ತಲೆ ಕಾಯೋದೇ ಒಂದು ಕೆಲ್ಸ ಆಯ್ತಲ್ಲೇ' ಅಂತ ಬೈಯೋರು. ಬೈಕೊಂಡೇ ಇಡೋರು."

ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಲೋಹಿತಾ ಕಿತ್ತ ಮೊಳೆಗಳನ್ನು ಒಂದೊಂದಾಗಿ ಆರಿಸಿ ತಾತನ ಡಬ್ಬಿಯೊಳಗೆ ಹಾಕಿದಳು. ಆಮೇಲೆ ಅಜ್ಜಿಯ ಕಾಲ ಬಳಿ ಕುಳಿತಳು. ಅಜ್ಜಿ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಮುಗಿದಳು. ಲೋಹಿತಾಳೂ ಕೈ ಮುಗಿದಳು.

"ಸೀಬಿ ನರಸಿಂಹಸ್ವಾಮಿ, ನನ್ನಪ್ಪಾ," ಎಂದಳು ಅಜ್ಜಿ ಮೆಲ್ಲಗೆ, "ಅವ್ರ ಜೀವಕ್ಕೆ ನೆಮ್ಮದಿ ಕೊಡು. ನನ್ನ ದಿಕ್ಕು ನೋಡಿದೋರು ಅವ್ರು, ಅವ್ರ ದಿಕ್ಕು ನೀನು ನೋಡ್ಕೋ. ಎತ್ತ ತಲೆಯಿಟ್ಟು ಮಲಗಿದ್ರೂ ಅದು ನಿನ್ನ ಪಾದದ ಮೇಲೇ ಇರ್ಲಿ, ತಂದೆ."