ತೋಳದ ಬಾಯಿ ಕಟ್ಟುವ ಹಲ್ಲು

ಕಚ್.

ರಾತ್ರಿ ಹನ್ನೊಂದು ದಾಟಿದ ಮೌನದಲ್ಲಿ ಅಷ್ಟೇ ಕೇಳಿಸಿತು. ಸಣ್ಣ ಕತ್ತರಿಯ ಸದ್ದು. ಕಲ್ಲಿನಂಥ ಹಲ್ಲಿಗೆ ಸುತ್ತಿದ್ದ ಕರಿ ಉಣ್ಣೆಯ ದಾರ ಸಡಿಲಾಗಿ ಮೇಜಿನ ಮೇಲೆ ಬಿತ್ತು. ಒಳಕೋಣೆಯಲ್ಲಿ ಮಲಗಿದ್ದ ಆರು ವರ್ಷದ ಮಗಳು ಇಂಚರ ನಿದ್ದೆಯಲ್ಲೇ ಒಮ್ಮೆ ಹಲ್ಲು ಕಡಿದು ಸುಮ್ಮನಾದಳು.

ಶೈಲಾ ಕತ್ತರಿ ಕೆಳಗಿಟ್ಟಳು. ದಾರಕ್ಕೆ ಏಳು ಗಂಟುಗಳಿದ್ದವು. ಒಂದೊಂದನ್ನೇ ಬಿಚ್ಚುತ್ತ ಕೂರುವ ವ್ಯವಧಾನ ಅವಳಿಗಿರಲಿಲ್ಲ. "ಬಿಚ್ಚಬ್ಯಾಡ, ಕತ್ತರಿಯಂತೂ ಹಚ್ಚಲೇಬ್ಯಾಡ" ಎಂದು ಅದನ್ನು ಕೊಟ್ಟ ಕುರಿಗಾರ ಮುದುಕಿ ಕಾಳವ್ವ ಅಂದು ಸಂಜೆಯಷ್ಟೇ ಎರಡು ಸಲ ಹೇಳಿದ್ದಳು. ಎರಡು ಸಲವೂ ಶೈಲಾ ತಲೆಯಾಡಿಸಿದ್ದಳು. ದಾರ ತಾನೆ? ನಾಳೆ ಹೊಸದು ಸುತ್ತಿದರಾಯಿತು.

ಧಾರವಾಡದಿಂದ ಬಂದು ಜತ್ತದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಒಂದೇ ಹುಚ್ಚು. ಈಗ ಭೂಮಿಯ ಮೇಲೆ ಉಳಿದಿಲ್ಲದ, ಆನೆಯ ಬಳಗದ ಪ್ರಾಣಿಗಳ ಹಲ್ಲುಗಳು. ಹಳ್ಳದ ದಂಡೆಯ ಗರಸಿನಲ್ಲಿ ಹುಡುಕುವಳು; ಅದಕ್ಕಿಂತ ಹೆಚ್ಚಾಗಿ ಜನರ ಮನೆಗಳಲ್ಲಿ ಹುಡುಕುವಳು. ಶೇಗಾಂವದಲ್ಲಿ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಲ್ಲು ದವಡೆಹಲ್ಲಿನ ಚೂರಾಗಿತ್ತು. ಯಳವಿಯಲ್ಲಿ ಒಬ್ಬರು ಅಂಥದ್ದರ ಮೇಲೆ ಕುಡುಗೋಲು ಮಸೆಯುತ್ತಿದ್ದರು. ಇಡಿಯಾದ ಹಲ್ಲನ್ನು ಕಂಡದ್ದು ಮಾತ್ರ ಅಂದೇ, ಮಾಡಗ್ಯಾಳದ ಹೊರಗೆ, ಕಾಳವ್ವನ ಕುರಿದಡ್ಡಿಯಲ್ಲಿ.

ಹೊತ್ತು ಮುಳುಗುತ್ತಿತ್ತು. ಉಣ್ಣೆಯ ಜಿಡ್ಡು ವಾಸನೆ, ಹಿಕ್ಕೆಯ ವಾಸನೆ, ಒಲೆಯ ಹೊಗೆ. ಎಪ್ಪತ್ತೈದು ದಾಟಿದ ಮುದುಕಿ ಗೇಣುದ್ದದ ಕಂದು ಹಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಏನೋ ಗುಣುಗುತ್ತ ಕರಿ ದಾರ ಸುತ್ತಿ ಗಂಟು ಹಾಕುತ್ತಿದ್ದಳು.

"ಏನ್ ಮಾಡಾಕತ್ತೀ ಅವ್ವಾ?"

"ತೋಳದ ಬಾಯಿ ಕಟ್ಟಾಕತ್ತೀನಿ. ಹೊತ್ತು ಮುಳುಗತಿದ್ದಂಗ ಕಟ್ಟೂದು, ಹೊತ್ತು ಹೊಂಡೂಕಿಂತ ಮೊದಲ ಬಿಚ್ಚೂದು. ಅದಕ್ಕೂ ಮರಿ ಇರತಾವಲ್ಲ? ಹಗಲೂ ಉಪಾಸ ಕೆಡವಿದರ, ಅದರ ಹಸಿವಿ ಬಂದು ನಮ್ಮ ಮನ್ಯಾಗ ಕುಂದರತೈತಿ."

ಶೈಲಾ ನಕ್ಕಳು. "ತೋಳಕ್ಕೂ ಡ್ಯೂಟಿ ಟೈಮ್ ಹಾಕಿ ಕೊಟ್ಟೀ ಅನ್ನು."

"ನಗಬ್ಯಾಡ ತಂಗಿ. ಇದನ್ನ ತೊಳದ ನೀರು ಸೈತ ನಾವು ಮುಳ್ಳಕಂಟ್ಯಾಗ ಚೆಲ್ಲತೀವಿ. ಯಾರ ನಾಲಿಗಿಗೂ ತಾಗಬಾರದು."

"ಒಂದ ರಾತ್ರಿ ಕೊಡವ್ವಾ. ನೀ ಮುಂಜಾನಿ ಏಳೂದರಾಗ ತಂದಿರತೀನಿ. ಕೊಡವ್ವಾ."

ಕಾಳವ್ವ ಕೊನೆಯ ಗಂಟು ಬಿಗಿದಳು. ಅವಳ ಒಬ್ಬಳೇ ಮಗಳು ಹಣಮವ್ವ, ಹನ್ನೊಂದು ವರ್ಷದ ಹಿಂದೆ ಇಚಲಕರಂಜಿಯ ಮಗ್ಗದವನೊಬ್ಬನ ಹಿಂದೆ ಹೋದವಳು, ಮರಳಿರಲಿಲ್ಲ. 'ಇನ್ನ ನಿನ್ನ ಕೈತುತ್ತು ನನ್ನ ಬಾಯಿಗೆ ಹೋಗೂದಿಲ್ಲ' ಎಂದು ತಾಯಿ ಊರೆದುರು ಆಣೆ ಮಾಡಿದ್ದಳು. ಅಂದಿನಿಂದ ಹೀಗೆ ಎಳೆದೆಳೆದು 'ಅವ್ವಾ' ಎಂದವರು ಇರಲಿಲ್ಲ.

"ಥೇಟ್ ನನ್ನ ಮಗಳಂಗ ಕೇಳತೀ ನೋಡು" ಎಂದು, ಕಟ್ಟಿದ ಹಲ್ಲನ್ನು ಹಾಗೇ ಶೈಲಾಳ ಸೆರಗಿಗೆ ಹಾಕಿದ್ದಳು.

ಈಗ ದಾರ ಬಿಚ್ಚಿದ ಹಲ್ಲು ದೀಪದ ಕೆಳಗೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಶೈಲಾ ಬೆರಳಾಡಿಸಿದಳು. ಆನೆಯದಾಗಿದ್ದರೆ ತೆಳು ಪದರಗಳು ಒತ್ತೊತ್ತಾಗಿರುತ್ತಿದ್ದವು. ಮಾಸ್ಟೊಡಾನ್‌ನದಾಗಿದ್ದರೆ ದುಂಡು ಉಬ್ಬುಗಳು. ಇಲ್ಲಿ ಉಳಿದಿದ್ದವು ಮನೆಯ ಮಾಡಿನಂತೆ ಇಳಿಜಾರಾದ ದಿಂಡುಗಳ ಬುಡಗಳು. ಸ್ಟೆಗೊಡಾನ್. ಈ ಬಳಗಕ್ಕೆ ಆಯುಷ್ಯದಲ್ಲಿ ಆರೇ ಸಲ ದವಡೆಹಲ್ಲು ಬರುವುದು. ಒಂದು ಸವೆದಂತೆ ಹಿಂದಿನದು ಮುಂದಕ್ಕೆ ಸರಿಯುತ್ತದೆ. ಇದು ಆರನೆಯದು, ಬುಡದವರೆಗೂ ಸವೆದದ್ದು. ಅಂದರೆ ಪ್ರಾಣಿ ಸತ್ತದ್ದು ಹಸಿವಿನಿಂದ. ಸುತ್ತ ಹುಲ್ಲು ಎದೆಮಟ್ಟ ಬೆಳೆದಿದ್ದರೂ ಅದಕ್ಕೆ ಅಗಿಯಲಾಗಿರಲಿಲ್ಲ.

ಆಮೇಲೆ ಅವಳು ಅಭ್ಯಾಸಬಲದಿಂದ ಒಂದು ಕೆಲಸ ಮಾಡಿದಳು. ಕಲ್ಲೋ ಎಲುಬೋ ತಿಳಿಯಬೇಕಾದರೆ ನಾಲಿಗೆಗೆ ಹಚ್ಚಿ ನೋಡುವುದು ಅವಳ ವಿದ್ಯೆಯ ಹಳೆಯ ಪಾಠ. ಕಲ್ಲು ಜಾರುತ್ತದೆ, ಎಲುಬು ಅಂಟುತ್ತದೆ. ಮುರಿದ ಬೇರಿಗೆ ನಾಲಿಗೆ ಹಚ್ಚಿದಳು.

ಅಂಟಿತು. ಬಿಡಿಸಿಕೊಳ್ಳಲು ತುಸು ಹೆಚ್ಚೇ ಹೊತ್ತು ಹಿಡಿಯಿತು. ನೆನೆದ ಉಣ್ಣೆಯ ವಾಸನೆ ಗಂಟಲವರೆಗೆ ಇಳಿಯಿತು. ಮಲಗುವಾಗ ದವಡೆ ಬಿಗಿದಿತ್ತು. ದಣಿವು ಅಂದುಕೊಂಡಳು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಗೆ ಬಿದ್ದಿತ್ತು. ಚಹಾದ ಜೊತೆಯ ಬಿಸ್ಕೀಟು ಹಲ್ಲುಗಳ ನಡುವೆ ಹೋಗಲಿಲ್ಲ. ಅಷ್ಟರಲ್ಲಿ ಮೇಜಿನ ಬಳಿಯಿಂದ ಮಗಳ ಕೂಗು: "ಅಮ್ಮಾ, ಅಂಟ್ಕೊಂಡತು! ಕಲ್ಲಲ್ಲ, ಎಲುಬು!"

ಆ ಕ್ಷಣಕ್ಕೇ ಶೈಲಾಳ ದವಡೆ ಸಡಿಲಾಯಿತು. "ಶಾಣ್ಯಾಕಿ ಆಗೀ ನನ್ನ ಮಗಳ" ಎಂದು ನಗುತ್ತ ಬಿಸ್ಕೀಟು ಕಚ್ಚಿದಳು. ಆ ಪಾಠವನ್ನು ಇಂಚರಳಿಗೆ ಕಲಿಸಿದ್ದವಳು ಅವಳೇ. ಎಂಟಕ್ಕೆ ಕಾಲೇಜು, ಹಲ್ಲನ್ನು ಸಂಜೆ ಮುಟ್ಟಿಸಿದರಾಯಿತು.

ಸಂಜೆ ಶಾಲೆಯಿಂದ ಇಂಚರಳ ಊಟದ ಡಬ್ಬಿ ಹಾಗೇ ತುಂಬಿ ಬಂತು. ರಾತ್ರಿಗೆ ಮಗುವಿನ ಬಾಯಿ ಮುಚ್ಚಿತು.

ಮಿರಜದ ಆಸ್ಪತ್ರೆಯಲ್ಲಿ ಧನುರ್ವಾಯು ಅಲ್ಲ ಎಂದರು. ಮೆದುಳಿನ ಚಿತ್ರ ತೆಗೆದರು, ಏನೂ ಇಲ್ಲ ಎಂದರು. ಮೂಗಿನ ನಳಿಕೆಯಿಂದ ಇಳಿಸಿದ ಹಾಲು ಪ್ರತಿ ಸಲ ತಿರುಗಿ ಬಂತು. ಇಂಚರ ಪೆನ್ಸಿಲ್ ತೋರಿಸಿ ಕಾಗದ ಕೇಳಿದಳು. ಒಂದು ದುಂಡು ಬರೆದಳು. ರೊಟ್ಟಿ. ಮರುದಿನ ಅದಕ್ಕಿಂತ ದೊಡ್ಡದು. ಅದರ ಮರುದಿನ ಪೆನ್ಸಿಲ್ ಹಿಡಿಯಲಾಗಲಿಲ್ಲ. ಕತ್ತಲಾದರೆ ಅವಳ ಮುಚ್ಚಿದ ಬಾಯೊಳಗಿಂದ ಸದ್ದು ಬರುತ್ತಿತ್ತು, ದೊಡ್ಡ ಬೀಸುಕಲ್ಲು ಕಾಳಿಲ್ಲದೆ ತಿರುಗಿದ ಹಾಗೆ. ಹಾಸಿಗೆ ತುಂಬ ಹಸಿ ಉಣ್ಣೆಯ ವಾಸನೆ. ಸಾಂಗಲಿಯ ಕೆಲಸ ಬಿಟ್ಟು ಓಡಿಬಂದಿದ್ದ ಗಂಡ ರವಿಕುಮಾರನಿಗೆ ಆ ವಾಸನೆ ಬರುತ್ತಿರಲಿಲ್ಲ. ಐದನೆಯ ದಿನ ಡಾಕ್ಟರು ಶೈಲಾಳ ಮುಖ ನೋಡದೆ ಹೇಳಿದರು, "ಮೈ ಏನನ್ನೂ ಹಿಡೀತಿಲ್ಲ. ಇನ್ನು ಎರಡು ದಿನ, ಹೆಚ್ಚೆಂದರೆ."

ಅವಳು ಹಲ್ಲನ್ನೂ ದಾರವನ್ನೂ ಚೀಲಕ್ಕೆ ಹಾಕಿಕೊಂಡು ಮಾಡಗ್ಯಾಳಕ್ಕೆ ಹೊರಟಳು.

ಕಾಳವ್ವ ಕತ್ತರಿಸಿದ ದಾರವನ್ನು ಅಂಗೈಯಲ್ಲಿ ಹಿಡಿದು, ತುಂಡಾದ ತುದಿಗಳನ್ನು ಸೇರಿಸಿ ನೋಡಿದಳು.

"ಕಟ್ಟಿದಂಗ ಇದ್ದರ ಬಿಚ್ಚತಿದ್ನಿ ಮಗಳ. ಕತ್ತರಿಸಿದ್ದನ್ನ ಹ್ಯಾಂಗ ಬಿಚ್ಚಲಿ? ಆ ಹಸಿವಿ ಈಗ ನಾಲಿಗಿಯಿಂದ ನಾಲಿಗಿಗೆ ದಾಟತೈತಿ. ಮೊದಲ ನಿನಗ. ನಿನ್ನ ದಾಟಿ ಕೂಸಿಗೆ."

"ಹಂಗಾರ ನಾ ತಗೋತೀನಿ." ಶೈಲಾ ಹಲ್ಲನ್ನು ಬಾಯಿಗೆ ಒತ್ತಿಕೊಂಡಳು. ಒಮ್ಮೆ. ಎರಡು ಸಲ. ತುಟಿ ಒಡೆದು ರಕ್ತ ಬಂತು. ದವಡೆ ಬಿಗಿಯಲಿಲ್ಲ.

"ದಾಟಿ ಬಂದ ಬಾಯಿಗೆ ತಿರುಗಿ ಹೋಗೂದಿಲ್ಲ."

"ಕುರಿಗೆ ಹಚ್ಚಿದರ?"

"ಮನುಷ್ಯಾರಿಗೆ ಹತ್ತಿದ್ದು ಮನುಷ್ಯಾರಿಗೇ ಹೋಗತೈತಿ."

ಆಸ್ಪತ್ರೆಯ ಬಾಕಿನ ಮೇಲೆ ಕುಳಿತಲ್ಲೇ ನಿದ್ದೆಹೋಗಿದ್ದ ಗಂಡನ ತೆರೆದ ಬಾಯಿ ಶೈಲಾಳ ಕಣ್ಣಿಗೆ ಬಂತು. ಅವಳು ಆ ಯೋಚನೆಯನ್ನು ದಬ್ಬಿದಳು. ಹಲ್ಲನ್ನು ಚೀಲಕ್ಕೆ ಹಾಕಿ, ಮುದುಕಿಯ ಕಾಲು ಹಿಡಿದು ಕುಸಿದಳು.

ಕಾಳವ್ವನ ಕೈ ಅವಳ ತಲೆಯ ಮೇಲೆ ಬಂತು. "ಅಳಬ್ಯಾಡ. ನಾ ತಗೋತೀನಿ. ಉಂಡು ಉಂಡು ನನಗೂ ಸಾಕಾಗೇತಿ. ಆದರ ನಾಕು ದಿನ ತಡಕೋ. ನೀ ಅವ್ವಾ ಅಂದ ಮ್ಯಾಲ ತಡೀಲಾರದ ನಾನ ಕರದ್ನಿ, ಅಮಾಸಿಗೆ ಹಣಮವ್ವ ಬರತಾಳ. ಮಗ್ಗದ ರಜಾ ಅವತ್ತ ಐತಿ ಅಂತ ಫೋನ್ ಮಾಡ್ಯಾಳ. ಆಣಿ ಮುರದು ಅಕಿ ಕೈಯಾಗಿಂದ ಒಂದ ತುತ್ತು ಉಣ್ಣತೀನಿ. ಒಂದ ತುತ್ತು. ಆಮ್ಯಾಲ ನಿನ್ನ ಮಗಳ ಹಸಿವಿ ನನ್ನದು."

"ನಾಕು ದಿನ ಉಳಿಯೂದಿಲ್ಲವ್ವಾ ಅಕಿ."

"ನಾ ಹನ್ನೊಂದು ವರ್ಷ ತಡಕೊಂಡೀನಿ ಮಗಳ."

ಅದನ್ನು ಸಿಟ್ಟಿನಿಂದ ಹೇಳಿದ್ದಲ್ಲ, ಬೇಡಿಕೊಂಡದ್ದು. ಹೇಳಿ ಕೆಮ್ಮಿದಳು. "ನೀರು ಕೊಡು."

ನೀರಿನ ಕೊಡ ಗುಡಿಸಲ ಮೂಲೆಯಲ್ಲಿತ್ತು. ಅಲ್ಲಿ ಕತ್ತಲೆ. ಶೈಲಾ ತಂಬಿಗೆ ತುಂಬಿದಳು. ಚೀಲ ಹೆಗಲಲ್ಲೇ ಇತ್ತು. ಕೈ ಚೀಲದೊಳಗೆ ಹೋಯಿತು. ಹಲ್ಲು ಬೆಚ್ಚಗಿತ್ತು. ಹಿಂದೆ ಮುದುಕಿಯ ಕೆಮ್ಮು. ದಡ್ಡಿಯಲ್ಲಿ ಒಂದು ಕುರಿಯೂ ಉಸಿರೆತ್ತಲಿಲ್ಲ. ಮುರಿದ ಬೇರು ನೀರಿಗೆ ತಾಗಿತು. ಬುಳಕ್ ಎಂದಿತು. ತೆಗೆದಳು. ಒರೆಸಿದಳು. ತಿರುಗಿದಳು. ತಂಬಿಗೆ ಕೊಟ್ಟಳು.

ಕಾಳವ್ವ ಒಂದು ಗುಟುಕು ನುಂಗಿದಳು. ನಿಂತಳು. ತಂಬಿಗೆಯೊಳಗೆ ನೋಡಿದಳು. ಆಮೇಲೆ ಶೈಲಾಳನ್ನು.

"ನಾಕು ದಿನ ಕೇಳಿದ್ನೆಲ್ಲ ಮಗಳ."

ಮುದುಕಿ ಕೈ ಚಾಚಿ ಚೀಲದಿಂದ ಹಲ್ಲನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಹೋಗು. ಲಗೂನ ಹೋಗು. ಕೂಸು ಹಸದಿರತೈತಿ."

ಕಚ್. ಅವಳ ದವಡೆ ಮುಚ್ಚಿತು. ಕಣ್ಣು ತೆರೆದೇ ಇದ್ದವು.

ಹೊಲದ ದಾರಿಯಲ್ಲಿ ಓಡುತ್ತಿದ್ದಾಗ ಫೋನ್ ಬಂತು. ರವಿಕುಮಾರ ಅಳುತ್ತಿದ್ದ, ನಗುತ್ತಿದ್ದ. "ಬಾಯಿ ತೆಗೆದಳು ಶೈಲಾ! ಹಾಲು ಬೇಡವಂತೆ, ರೊಟ್ಟಿ ಬೇಕಂತೆ!"

ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಆಗ ಹೊಳೆಯಿತು. ಇಚಲಕರಂಜಿ ಮೂರು ತಾಸಿನ ದಾರಿ. ಗಾಡಿ ಮಾಡಿಕೊಂಡು ಹೋಗಿ ಹಣಮವ್ವನನ್ನು ಅಂದೇ ರಾತ್ರಿ ಕರೆತರಬಹುದಿತ್ತು. ಮಗುವಿಗೆ ಎರಡು ದಿನವಿತ್ತು. ತುತ್ತಿಗೆ ಒಂದು ನಿಮಿಷ ಸಾಕಿತ್ತು.

ಅಮಾವಾಸ್ಯೆಯ ದಿನ ಅವಳು ಹೋಗದೆ ಇರಲಾರದೆ ಹೋದಳು. ಗುಡಿಸಲ ಮುಂದೆ ಊರವರು ಬೀಡಿ ಸೇದುತ್ತ ಕುಳಿತಿದ್ದರು. "ಮುದುಕರು ಹಂಗಽ ರಿ" ಎಂದ ಒಬ್ಬ, "ಹೊತ್ತು ಬಂತಂದರ ಅನ್ನ ಬಿಡತಾರ."

ಒಳಗೆ ಕಾಳವ್ವನ ಜೀವ ಹೋಗಿ ಒಂದು ತಾಸಾಗಿತ್ತು. ಬಿಗಿದ ತುಟಿಗಳ ಮೇಲೆ ಹೋಳಿಗೆಯ ಹೂರಣ ಮೆತ್ತಿತ್ತು. ತಲೆದೆಸೆಯಲ್ಲಿ ಕುಳಿತಿದ್ದ ಹೆಂಗಸಿನ ಬೆರಳುಗಳಲ್ಲೂ ಹೂರಣ. ಮೂಗು, ಹಣೆ, ಎಲ್ಲ ಕಾಳವ್ವನದೇ.

"ನೀವು ಜತ್ತದ ಅಕ್ಕಾರೇನ್ರಿ? ಅವ್ವ ಫೋನಿನ್ಯಾಗ ನಿಮ್ಮ ಮಾತು ಹೇಳಿದ್ಲು. ನಿನ್ನಂಗ ಒಬ್ಬಾಕಿ ಅವ್ವಾ ಅಂತಾಳ ಅಂದಿದ್ಲು." ಹಣಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮುಂಜಾನಿಂದ ಬಾಯಿ ಮುಂದ ತುತ್ತು ಹಿಡದು ಕುಂತೇನ್ರಿ. ಕಣ್ಣಾಗ ನೀರು ಸುರಸ್ಯಾಳ, ಬಾಯಿ ತಗೀಲಿಲ್ಲ. ಬಾ ಅಂತ ತಾನ ಕರದು, ಆಣಿ ಮುರೀಲಿಲ್ಲ. ನೀವು ಭೆಟ್ಟಿ ಆಗಿದ್ರೆಲ್ಲ, ಏನರ ಅಂದಿದ್ಲೇನ್ರಿ? ನನ್ನ ಮ್ಯಾಲ ಅಷ್ಟು ಸಿಟ್ಟಿತ್ತೇನ್ರೀ ಅಕಿಗೆ?"

ಒಂದೇ ಮಾತು ಸಾಕಿತ್ತು. ನಿನ್ನ ಕೈತುತ್ತಿಗಾಗಿ ನಾಲ್ಕು ದಿನ ಬೇಡಿದ್ದಳು ಎಂದರೆ ಸಾಕಿತ್ತು. ಆದರೆ ಅದರ ಬೆನ್ನಿಗೇ, ಯಾರನ್ನು ಬೇಡಿದಳು, ಏಕೆ ಬೇಡಿದಳು ಎಂಬ ಪ್ರಶ್ನೆ ಬರುತ್ತಿತ್ತು. ಶೈಲಾಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅವಳ ಬಾಯಿಯನ್ನು ಯಾರೂ ಕಟ್ಟಿರಲಿಲ್ಲ.

"ನನಗ ಏನೂ ಅಂದಿಲ್ಲ" ಎಂದಳು.

ಹಣಮವ್ವ ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳಂತೆ. ಆಮೇಲೆ ತಾಯಿಯ ಮಡಿಲು ತೋರಿಸಿದಳು. "ಇದನ್ನ ಅವುಚಿಕೊಂಡ ಹೋಗ್ಯಾಳ. ಸಣ್ಣಾಕಿದ್ದಾಗ ಮುಟ್ಟಾಕ ಬಿಡತಿದ್ದಿಲ್ಲ. ನೀವು ಕಲತವರು, ಏನ್ರಿ ಇದು?"

ಶೈಲಾ ಆ ಮಾಡಿನಂಥ ದಿಂಡುಗಳನ್ನು ನೋಡಿದಳು, ಬುಡದವರೆಗೆ ಸವೆದದ್ದನ್ನು.

"ಕಲ್ಲು" ಎಂದಳು. "ಮಣ್ಣು ಕೊಡೂಮುಂದ ಅಕಿ ಜೋಡೀನ ಇಟ್ಟುಬಿಡ್ರಿ."

ಮನೆಗೆ ಬಂದಾಗ ಇಂಚರ ರೊಟ್ಟಿ ಮುರಿದು ಮೊಸರಿಗದ್ದಿ ತಿನ್ನುತ್ತಿದ್ದಳು. ಒಂದು ತುತ್ತು ಮಾಡಿ ಎತ್ತಿ ಹಿಡಿದಳು. "ಅಮ್ಮಾ, ಆ ಅನ್ನು." ಎದುರಿಗೆ ಕುಳಿತಿದ್ದ ರವಿಕುಮಾರ ಕೇಳಿದ, "ಎಲ್ಲಿಗೆ ಹೋಗಿದ್ದೆ?"

ಶೈಲಾ ಮಗಳ ಮುಂದೆ ಕುಳಿತು ಬಾಯಿ ತೆರೆದಳು. ತುತ್ತು ಒಳಗೆ ಬಂತು. ಅದನ್ನು ಅಗಿಯುತ್ತ, ಅಗಿಯುತ್ತ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು. ಇವನಿಗೂ ಇಲ್ಲ. ಈ ಮಗು ದೊಡ್ಡವಳಾದ ಮೇಲೆ ಇವಳಿಗೂ ಇಲ್ಲ.

"ಇಲ್ಲೇ, ಕಾಲೇಜಿಗೆ" ಎಂದಳು.